ಶಾಸನದ ‘ವಾಯವ್ಯ’: ಗಾಳಿ ಬರುವ ಕಡೆಯಲ್ಲ, ಮೂಲೆಯ ಹೆಸರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ದಾನಶಾಸನಗಳನ್ನು ಓದುವಾಗ ಎಲ್ಲೆಯ ಭಾಗ ಬಂದ ಕೂಡಲೇ ಸಾಲು ಹಾರಿಸಿಬಿಡುವವರೇ ಹೆಚ್ಚು. ರಾಜನ ಹೆಸರು ಸಿಕ್ಕಿತು, ಶಕವರ್ಷ ಸಿಕ್ಕಿತು, ಇನ್ನೇನು ಬೇಕು ಅಂತ. ಆದರೆ ದಾನದ ಭೂಮಿಯನ್ನು ನೆಲದ ಮೇಲೆ ಗುರುತಿಸೋಕೆ ಉಪಯೋಗಕ್ಕೆ ಬರೋದು ಆ ಸಾಲುಗಳೇ. ಅಲ್ಲಿ ಎಡವಿಸುವ ಪದಗಳಲ್ಲಿ ಒಂದು ‘ವಾಯವ್ಯ’. ಕೆಲವೆಡೆ ‘ವಾಯಬ್ಯ’ ಅಂತಲೂ ಕೆತ್ತಿರುತ್ತಾರೆ.

ವಾಯು ಅಂದರೆ ಗಾಳಿ, ಹಾಗಾಗಿ ವಾಯವ್ಯ ಅಂದರೆ ಗಾಳಿ ಬರುವ ಕಡೆ ಅನ್ನೋ ಅರ್ಥ ಸುಲಭವಾಗಿ ಹೊಳೆಯುತ್ತೆ. ಅದನ್ನೇ ಹಿಡಿದು ಹೊರಟರೆ ಗಡಿಕಲ್ಲು ಸಿಗೋಲ್ಲ. ಈ ಸೀಮೆಗೆ ಮುಂಗಾರಿನ ಗಾಳಿ ನೈಋತ್ಯದಿಂದ, ಹಿಂಗಾರಿನದು ಈಶಾನ್ಯದಿಂದ. ವಾಯವ್ಯ ಅನ್ನೋದು ದಿಕ್ಪಾಲಕ ವಾಯುವಿನ ಮೂಲೆ, ಅಷ್ಟೇ. ಆಗ್ನೇಯದಲ್ಲಿ ಬೆಂಕಿ ಹುಡುಕ್ತೀವಾ? ಅಷ್ಟದಿಕ್ಪಾಲಕರ ಭುವನೇಶ್ವರಿ ಇರುವ ದೇವಸ್ಥಾನಕ್ಕೆ ಹೋದಾಗ ಜಿಂಕೆಯೇರಿದ ವಾಯು ಎಲ್ಲಿದ್ದಾನೆ ನೋಡಿ. ಅವನದು ಪಡುವಲಿಗೂ ಬಡಗಲಿಗೂ ನಡುವಿನ ಮೂಲೆ.

ಅಚ್ಚಗನ್ನಡದ ಪದ್ಧತಿ ಇನ್ನೂ ಸರಳ. ಸೂರ್ಯ ಮೂಡುವ ಕಡೆ ಮೂಡಲು, ಪಡುವ ಕಡೆ ಪಡುವಲು. ಮೂಲೆ ಬೇಕಾದರೆ ಎರಡು ದಿಕ್ಕನ್ನು ಜೋಡಿಸಿ ‘ಕೋಣ್’ ಅಂದರೆ ಮುಗೀತು. ಗಂಗರ ಸಂಸ್ಕೃತ ತಾಮ್ರಪಟಗಳೂ ಎಲ್ಲೆ ಹೇಳುವಾಗ ಕನ್ನಡಕ್ಕೆ ಇಳಿಯೋದುಂಟು. ಉಳುವವನಿಗೆ ಅರ್ಥವಾಗಲಿ ಅಂತಲೇ ಇರಬೇಕು.

ಇನ್ನು ನಿಜವಾದ ಗಾಳಿಯ ಹೆಸರುಗಳು. ಮೂಡಗಾಳಿ ಮೂಡಲಿಂದ ಬರೋದು. ಹಳಗನ್ನಡದ ತೆಂಬೆಲರು ತೆಂಕಲಿಂದ ಬರುವ ಎಲರು. ಇಲ್ಲಿ ದಿಕ್ಕು ಗಾಳಿಗೆ ಹೆಸರು ಕೊಟ್ಟಿದೆ. ವಾಯವ್ಯದಲ್ಲಿ ಗಾಳಿಯ ದೇವರೇ ದಿಕ್ಕಿಗೆ ಹೆಸರು ಕೊಟ್ಟಿದ್ದಾನೆ.

ಚನ್ನಪಟ್ಟಣದ ಕಡೆ ಇನ್ನೊಂದು ತೊಡಕಿದೆ. ಅಲ್ಲಿ ಚೋಳರ ಕಾಲದ ತಮಿಳು ಶಾಸನಗಳೂ ಇವೆ. ಎಲ್ಲೆ ಹೇಳುವ ಸಾಲಲ್ಲಿ ತಮಿಳಿನ ‘ಕೀೞ್’ ಅಂದರೆ ಮೂಡಲು, ‘ಮೇಲ್’ ಅಂದರೆ ಪಡುವಲು. ಕನ್ನಡ ಕಿವಿಗೆ ಅದು ಕೆಳಗೆ, ಮೇಲೆ ಅಂತಲೇ ಕೇಳುತ್ತೆ. ‘ಕೆರೆಯ ಕೆಳಗಿನ ಗದ್ದೆ’ ಅಂತ ಓದಿಕೊಂಡರೆ ಇಡೀ ನಕ್ಷೆಯೇ ತಿರುಗುಮುರುಗು.

ಶಾಸನಪಾಠ ನೋಡಬೇಕೆನ್ನುವವರಿಗೆ ಬಿ. ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ 9ನೇ ಸಂಪುಟ, ಅಂದರೆ ಬೆಂಗಳೂರು ಜಿಲ್ಲೆಯದು, ಇದೆ. ಆಗ ರಾಮನಗರ ಕ್ಲೋಸ್‌ಪೇಟೆ, ಕನಕಪುರ ಕಾನಕಾನಹಳ್ಳಿ. ಹಳೇ ಹೆಸರಲ್ಲೇ ಹುಡುಕಿ. ಎಲ್ಲೆಗಳು ಸಾಮಾನ್ಯವಾಗಿ ಮೂಡಲಿಂದ ಶುರುವಾಗಿ ಪ್ರದಕ್ಷಿಣೆಯಾಗಿ ಸಾಗುತ್ತವೆ. ಅಕ್ಷರ ಸವೆದಿದ್ದರೂ, ಪಡುವಲು ಮುಗಿದು ಬಡಗಲು ಬರುವ ಮುಂಚೆ ಒಂದು ಮೂಲೆ ಕಂಡರೆ ಅದು ವಾಯವ್ಯವೇ. ಲಿಂಗಮುದ್ರೆಯದೋ ವಾಮನಮುದ್ರೆಯದೋ ಗಡಿಕಲ್ಲು ಉಳಿದಿದ್ದರೆ ಆ ಮೂಲೆಯಲ್ಲಿ ನೋಡಿ. ಕಲ್ಲು ಕ್ವಾರಿಗೆ ಹೋಗಿದ್ದರೆ, ಹಳೇ ಪತ್ರದ ಚೆಕ್ಕುಬಂದಿಯಲ್ಲಿ ಆ ಕಟ್ಟೆಯ ಅಥವಾ ಹಳ್ಳದ ಹೆಸರು ಇನ್ನೂ ಇರಬಹುದು.