ಕಲ್ಲಿನ ಜೊತೆಗೊಂದು ಕ್ಷಮಾಪಣೆ ಪತ್ರ

ಬಾಯಿಬಿಟ್ಟು ಹೇಳಲಾಗದ ತಪ್ಪನ್ನು ಕೈಯಾರೆ ಬರೆದು ಒಪ್ಪಿಸಿದರೆ ಪಾಪದ ಭಾರ ಇಳಿಯುತ್ತದೆ ಎಂಬ ನಂಬಿಕೆ ಅನೇಕರಲ್ಲಿ ಉಂಟು. ಈ ನಂಬಿಕೆಗೆ ದೊಡ್ಡದೊಂದು ಸಾಕ್ಷ್ಯ ಅಮೆರಿಕದ ಅರಿಜೋನಾ ರಾಜ್ಯದ ಉದ್ಯಾನವೊಂದರ ಕಡತಗಳಲ್ಲಿದೆ.

ಅದರ ಹೆಸರು ಪೆಟ್ರಿಫೈಡ್ ಫಾರೆಸ್ಟ್. ಅಂದರೆ ಕಲ್ಲಾದ ಕಾಡು. 20 ಕೋಟಿ ವರ್ಷಗಳಿಗೂ ಹಿಂದೆ ನದಿಯ ಹೂಳಿನಲ್ಲಿ ಹುದುಗಿದ ಮರಗಳೊಳಗೆ ಸಿಲಿಕಾ ಬೆರೆತ ನೀರು ಇಳಿದು, ಮರಗಳು ಬಣ್ಣಬಣ್ಣದ ಕಲ್ಲುಗಳಾದವು. 19ನೇ ಶತಮಾನದ ಕೊನೆಗೆ ರೈಲು ಬಂದ ಮೇಲೆ ಇವುಗಳ ಸಾಗಣೆ ಶುರುವಾಯಿತು. ಕಲ್ಲುಮರಗಳನ್ನು ಪುಡಿ ಮಾಡಲೆಂದೇ ಒಂದು ಗಿರಣಿ ಕೂಡ ಎದ್ದಿತು. ಕೊನೆಗೆ 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಈ ಸ್ಥಳವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1962ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ಕಾನೂನು ಬಂದರೂ ಪ್ರವಾಸಿಗಳು ಚೂರುಗಳನ್ನು ಜೇಬಿಗಿಳಿಸುವುದು ನಿಲ್ಲಲಿಲ್ಲ. ಆದರೆ 1930ರ ದಶಕದಿಂದ ಉದ್ಯಾನದ ಕಚೇರಿಗೆ ವಿಚಿತ್ರ ಅಂಚೆ ಬರತೊಡಗಿತು. ಪೊಟ್ಟಣದಲ್ಲಿ ಕದ್ದ ಕಲ್ಲು, ಜೊತೆಗೊಂದು ಪತ್ರ. ಕಲ್ಲು ಮನೆಗೆ ಬಂದಂದಿನಿಂದ ಕೆಲಸ ಹೋಯಿತು, ಮದುವೆ ಮುರಿಯಿತು, ಕಾಯಿಲೆ ಬಂತು ಎಂಬ ಅಳಲು ಹಲವು ಪತ್ರಗಳಲ್ಲಿದೆ. ಮಕ್ಕಳು ಬರೆದವೂ ಇವೆ. ಹೀಗೆ ಬಂದ ಪತ್ರಗಳ ಆಯ್ದ ಸಂಗ್ರಹವೊಂದು 2014ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು.

ಇದು ಅಲ್ಲಿಗಷ್ಟೇ ಸೀಮಿತವಲ್ಲ. ಹವಾಯಿಯ ಜ್ವಾಲಾಮುಖಿ ಉದ್ಯಾನಕ್ಕೂ ಪೆಲೆ ದೇವತೆಯ ಮುನಿಸಿಗೆ ಹೆದರಿದವರು ಲಾವಾ ಕಲ್ಲುಗಳನ್ನು ಮರಳಿಸುತ್ತಾರೆ. ಈ ಶಾಪದ ಕಥೆ ದ್ವೀಪವಾಸಿಗಳ ಪುರಾತನ ನಂಬಿಕೆಯಲ್ಲ, 20ನೇ ಶತಮಾನದಲ್ಲಿ ಹಬ್ಬಿದ್ದು ಎನ್ನುತ್ತಾರೆ ಬಲ್ಲವರು. ಇಟಲಿಯ ಪೊಂಪೈಯಿಂದ 2005ರಲ್ಲಿ ಚೂರುಗಳನ್ನು ಒಯ್ದಿದ್ದ ಕೆನಡಾದ ಮಹಿಳೆಯೊಬ್ಬರು 2020ರಲ್ಲಿ ಅವನ್ನು ಕ್ಷಮಾಪಣೆ ಪತ್ರದೊಂದಿಗೆ ಹಿಂದಿರುಗಿಸಿದರು.

ಕಲ್ಲು ಮರಳಿಸಲು ಪತ್ರ ಬೇಕೆಂದು ಯಾವ ಕಾನೂನೂ ಕೇಳುವುದಿಲ್ಲ. ಪೊಟ್ಟಣವಷ್ಟನ್ನೇ ಕಳಿಸಿದರೆ ಸಾಕು. ಆದರೂ ಬರೆಯುತ್ತಾರೆ. ನಮ್ಮಲ್ಲಿ ದೇವರಿಗೆ ತಪ್ಪುಕಾಣಿಕೆ ಸಲ್ಲಿಸುವಾಗ ಹಣದ ಜೊತೆ ತಪ್ಪಾಯಿತೆಂಬ ಮಾತೂ ಇರಬೇಕಷ್ಟೆ. ಬಾಲಕ ಗಾಂಧೀಜಿ ಅಣ್ಣನ ತೋಳ್ಬಳೆಯಿಂದ ಚಿನ್ನ ಕದ್ದುದನ್ನು ಚೀಟಿಯಲ್ಲಿ ಬರೆದು ತಂದೆಗೆ ಕೊಟ್ಟರು. ತಂದೆ ಕಣ್ಣೀರಿಟ್ಟು ಅದನ್ನು ಹರಿದುಹಾಕಿದರು. ಅಲ್ಲಿ ಓದಿ ಕ್ಷಮಿಸುವವರೊಬ್ಬರಿದ್ದರು.

ಕಲ್ಲಾದ ಕಾಡಿನಲ್ಲಿ ಅಂಥವರಿಲ್ಲ. ಕಲ್ಲನ್ನು ಇದ್ದಲ್ಲಿಗೆ ಮರಳಿಸಿ ಎಂದು ಎಷ್ಟೋ ಪತ್ರಗಳು ಬೇಡುತ್ತವೆ. ಅದು ಆಗದ ಕೆಲಸ. ಕಲ್ಲು ಎಲ್ಲಿತ್ತೆಂದು ನಿಖರವಾಗಿ ತಿಳಿಯದೆ ಎಲ್ಲೋ ಇಟ್ಟರೆ ಮುಂದಿನ ಸಂಶೋಧಕರು ದಾರಿ ತಪ್ಪುತ್ತಾರೆ. ಆದ್ದರಿಂದ ಸಿಬ್ಬಂದಿ ಅವನ್ನೆಲ್ಲ ರಸ್ತೆ ಬದಿಯ ಒಂದು ಗುಡ್ಡೆಗೆ ಸುರಿಯುತ್ತಾರೆ. ಅದಕ್ಕೆ 'ಆತ್ಮಸಾಕ್ಷಿಯ ರಾಶಿ' ಎಂದೇ ಹೆಸರು.

ಪತ್ರಗಳನ್ನು ಮಾತ್ರ ಜೋಪಾನವಾಗಿ ಇಡಲಾಗಿದೆ. ಕೆಲವು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿವೆ. ಬರೆದವರಿಗೆ ನೆಮ್ಮದಿ ಸಿಕ್ಕಿರಬಹುದು. ಕಲ್ಲಿಗೆ ತನ್ನ ಜಾಗ ಮಾತ್ರ ಸಿಗಲಿಲ್ಲ. ಪತ್ರದ ಶಕ್ತಿ ಏನಿದ್ದರೂ ಅದು ಮನುಷ್ಯರ ನಡುವಿನದು. ಇಪ್ಪತ್ತು ಕೋಟಿ ವರ್ಷ ಒಂದೆಡೆ ಬಿದ್ದಿದ್ದುದನ್ನು ಕದಲಿಸಿದ ಮೇಲೆ ಅದು ನಡೆಯದು.