ಅಚ್ಚು ತಪ್ಪಿದ ನೋಟು: ಯಾರ ಕೈಯಲ್ಲಿ ಎಷ್ಟು ಬೆಲೆ?

ತಲಕಾಡಿನಿಂದ ಸುಮಾರು 45 ಕಿ.ಮೀ. ದೂರದ ಮೈಸೂರಿನಲ್ಲಿ 1996ರಿಂದ ನೋಟು ಅಚ್ಚಾಗುತ್ತಿದೆ. ಆ ಮುದ್ರಣಾಲಯ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯದು. ಕೆಟ್ಟು ಅಚ್ಚಾದ ನೋಟು ತಪಾಸಣೆಯಲ್ಲೇ ಸಿಕ್ಕಿಬಿದ್ದು ನಾಶವಾಗಬೇಕು. ಆದರೂ ಯಾವ ದೇಶದ ಮುದ್ರಣಾಲಯವೇ ಆಗಲಿ, ಅಪರೂಪಕ್ಕೆ ಒಂದೆರಡು ನುಸುಳಿ ಹೊರಗೆ ಬಂದೇ ಬರುತ್ತವೆ. ಸಂಗ್ರಾಹಕರು ಕಾಯೋದು ಅದಕ್ಕೇ.

ಅವರು ಹುಡುಕೋದು ಏನನ್ನ? ಎರಡು ಕಡೆಯ ಕ್ರಮಸಂಖ್ಯೆ ತಾಳೆಯಾಗದ ನೋಟು. ಹಾಳೆ ಮಡಚಿಕೊಂಡೇ ಯಂತ್ರಕ್ಕೆ ಹೋಗಿ ನಡುವೆ ಬಿಳಿ ಪಟ್ಟಿ ಉಳಿದದ್ದು. ಮೂಲೆಯಲ್ಲಿ ಹೆಚ್ಚುವರಿ ಕಾಗದ ಕಿವಿಯ ಹಾಗೆ ಚಾಚಿಕೊಂಡದ್ದು. ಸಂಖ್ಯೆಯಲ್ಲಿ ನಕ್ಷತ್ರ ಇದ್ದರೆ ಅದು ತಪ್ಪಲ್ಲ, ತಪ್ಪಿಗೆ ಹಾಕಿದ ತೇಪೆ: ಕೆಟ್ಟ ನೋಟಿನ ಬದಲಿಗೆ ಸೇರಿಸಿದ್ದು. 2006ರಲ್ಲಿ ಶುರುವಾದ ಪದ್ಧತಿ ಇದು. ನಕ್ಷತ್ರದ ನೋಟು ನಕಲಿ ಅಂತ ಸೋಷಿಯಲ್ ಮೀಡಿಯಾದಲ್ಲಿ ಹಬ್ಬಿ, 2023ರ ಜುಲೈನಲ್ಲಿ ಆರ್‌ಬಿಐಯೇ ಸ್ಪಷ್ಟನೆ ಕೊಡಬೇಕಾಯ್ತು.

ಸಹಿಯೂ ಮುಖ್ಯ. ಯಾವ ಗವರ್ನರ್ ಕಾಲದ ನೋಟು ಅಂತ ಗೊತ್ತಾಗೋದು ಅದರಿಂದ. 1 ರೂಪಾಯಿ ನೋಟಲ್ಲಿ ಮಾತ್ರ ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತೆ. ನಮ್ಮಲ್ಲಿ ಇದೆಲ್ಲ ಅಚ್ಚಿನ ಸಹಿ. 1775ರಲ್ಲಿ ಅಮೆರಿಕದ ಕಾಂಟಿನೆಂಟಲ್ ಕಾಂಗ್ರೆಸ್ ಯುದ್ಧದ ಖರ್ಚಿಗೆ ಹೊರಡಿಸಿದ ನೋಟುಗಳಿಗೆ ಜನ ಕೂತು ಒಂದೊಂದಕ್ಕೂ ಶಾಯಿಯಲ್ಲಿ ಸಹಿ ಹಾಕುತ್ತಿದ್ದರು. ಬ್ರಿಟಿಷರು ನಕಲಿ ಹರಿಬಿಟ್ಟರು, ಕಾಂಗ್ರೆಸ್ಸೂ ಮಿತಿಮೀರಿ ಅಚ್ಚು ಹಾಕಿಸಿತು. ನೋಟಿನ ಬೆಲೆ ನೆಲಕಚ್ಚಿತು. ಇವತ್ತು ಅದೇ ಕಾಗದಕ್ಕೆ ಸಂಗ್ರಾಹಕರು ದುಡ್ಡು ಸುರಿಯುತ್ತಾರೆ, ಅಚ್ಚು ತಪ್ಪಿದ್ದರೆ ಇನ್ನೂ ಹೆಚ್ಚು.

ನಮ್ಮ ಕಥೆ ಬೇರೆ. ನೋಟು ರದ್ದತಿಯ ತರಾತುರಿಯಲ್ಲಿ ಹೊಸ 500ರ ನೋಟುಗಳಲ್ಲಿ ವ್ಯತ್ಯಾಸ ಕಂಡುಬಂತು. ಚಲಾಯಿಸಿ, ಇಲ್ಲವೇ ವಾಪಸ್ ಕೊಡಿ ಅಂತ ಆರ್‌ಬಿಐ ಹೇಳಿತು. 2017ರ ಜನವರಿಯಲ್ಲಿ ಮಧ್ಯಪ್ರದೇಶದ ಶ್ಯೋಪುರದಲ್ಲಿ ರೈತರ ಕೈಗೆ ಗಾಂಧಿ ಚಿತ್ರವೇ ಇಲ್ಲದ 2000ದ ನೋಟು ಬಂತು. ಅಸಲಿ ನೋಟೇ, ಅಚ್ಚು ತಪ್ಪಿದೆ ಅಂತ ಅಧಿಕಾರಿಗಳಂದರು. ಸಂಗ್ರಾಹಕನ ಆಲ್ಬಮ್ಮಿನಲ್ಲಿ ಅಪರೂಪದ ವಸ್ತು ಅನ್ನಿಸಿಕೊಳ್ಳೋದು ಸಂತೆಯಲ್ಲಿ ರೈತ ಮುಂದೆ ಮಾಡಿದರೆ ಕಳ್ಳನೋಟು. ತಪ್ಪು ಸರ್ಕಾರದ್ದು, ಅನುಮಾನ ಅವನ ಮೇಲೆ.

ನಿಮಗೆ ಇಂಥದ್ದು ಸಿಕ್ಕರೆ ಬ್ಯಾಂಕಿಗೆ ತೋರಿಸಿ ಅಸಲಿಯೋ ಅಂತ ಖಚಿತ ಮಾಡಿಕೊಳ್ಳಿ. ಮಾರೋದಾದರೆ, ಆರ್‌ಬಿಐ ಹೆಸರಲ್ಲಿ ಕಮಿಷನ್ನು, ತೆರಿಗೆ ಅಂತ ಮೊದಲೇ ಹಣ ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಹಳೇ ನೋಟು, ನಾಣ್ಯದ ವ್ಯವಹಾರ ತಾನು ಮಾಡೋದೇ ಇಲ್ಲ ಅಂತ ಆರ್‌ಬಿಐ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.