ಎಲೆ ಎತ್ತಿದ ಕೈಗಳು

ಕಚೇರಿ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಒಂದು, ನಮ್ಮಂಥ ಕೇಂದ್ರ ಸರಕಾರದ ಗುಮಾಸ್ತರು ಬೆಳಿಗ್ಗೆ ಕೋಪರಖೈರಣೆಯಲ್ಲಿ ಗಾಡಿ ಹತ್ತಿ, ವಾಶಿಯಲ್ಲಿ ಇಳಿದು ಇನ್ನೊಂದನ್ನು ಹಿಡಿದು, ದಾರಿಯುದ್ದಕ್ಕೂ ನಿಂತೇ ತಲುಪುವ ಕಚೇರಿ. ಇನ್ನೊಂದು, ತಂಬೂರಿಯ ಶ್ರುತಿ ಕೂಡಿದೊಡನೆ ಮೊದಲನೆಯದನ್ನು ಮರೆಸಿಬಿಡುವ ಕಚೇರಿ. ಮೊದಲನೆಯದರಲ್ಲಿ ನಮಗೆ ಇಪ್ಪತ್ತು ವರ್ಷಗಳ ಸೇವೆಯಾಗಿದೆ. ಎರಡನೆಯದರಲ್ಲಿ ನಮ್ಮ ಹುದ್ದೆ ಬಲು ಸಣ್ಣದು: ಎದೆಗೆ ಸ್ವಯಂಸೇವಕರ ಬಿಲ್ಲೆ ಚುಚ್ಚಿಕೊಂಡು ಜಮಖಾನ ಹಾಸುವುದು, ಚಪ್ಪಲಿ ಕಾಯುವುದು, ಬಂದವರಿಗೆ ನೀರು ಕೊಡುವುದು. ಸಂಬಳವಿಲ್ಲದ ಈ ಹುದ್ದೆಯೇ ನಮಗೆ ಹೆಚ್ಚು ಕಲಿಸಿತು ಎಂಬುದನ್ನು ಓದುಗ ಬಂಧುಗಳ ಮುಂದಿಡಲು ಈ ಲೇಖನ.

ಕೆಲವು ವರ್ಷಗಳ ಹಿಂದೆ ವಾಶಿಯಲ್ಲಿ ಇಡೀ ದಿನದ ಒಂದು ಹಿಂದೂಸ್ತಾನೀ ಗಾಯನ ಕಾರ್ಯಕ್ರಮ ನಡೆಯಿತು. ಕೋಪರಖೈರಣೆಯ ನಾವು ನಾಲ್ವರು ಗೆಳೆಯರು ಸ್ವಯಂಸೇವಕರಾಗಿ ಹೋಗಿದ್ದೆವು. ಬೆಳಗಿನ ಗಾಯನ ಮುಗಿದು, ಮಧ್ಯಾಹ್ನದ ಊಟವೂ ಬಾಳೆಯೆಲೆಯ ಮೇಲೆ ಸೊಗಸಾಗಿ ಆಯಿತು. ಬಡಿಸಿದವರಿಗೆ ಕೊನೆಯ ಪಂಕ್ತಿ ಎಂಬ ರೂಢಿಯಂತೆ ನಾವು ಉಂಡು ಎದ್ದಾಗ ಎರಡೂವರೆ ಗಂಟೆ. ಆಗ ನೋಡುತ್ತೇವೆ, ಎಲೆ ಎತ್ತಲು ಗೊತ್ತುಮಾಡಿದ್ದ ಆಳುಗಳಿಬ್ಬರೂ ಪತ್ತೆಯಿಲ್ಲ! ಉಣ್ಣುವ ಕೋಣೆಯ ತುಂಬ ಇನ್ನೂರಕ್ಕೂ ಮೀರಿದ ಎಂಜಲೆಲೆಗಳು. ಅತ್ತ ವೇದಿಕೆಯ ಮೇಲೆ ತಂಬೂರಿ ಶ್ರುತಿಗೂಡುತ್ತಿತ್ತು.

ಸಭಾಂಗಣದ ಕಸ ಗುಡಿಸುವ ಹೆಂಗಸೊಬ್ಬಳು ಬಾಗಿಲ ಚೌಕಟ್ಟಿಗೆ ಒರಗಿ, ಮೊಣಕಾಲ ಮೇಲೆ ಗದ್ದವಿಟ್ಟು, ಒಳಗಿನ ನಾದವನ್ನು ಆಲಿಸುತ್ತ ಕುಳಿತಿದ್ದಳು. ಎಲೆ ಎತ್ತುವುದು ಆಕೆಯ ಕೆಲಸವಲ್ಲವೆಂದು ನಮಗೆ ಗೊತ್ತಿತ್ತು. ಆದರೂ ಆಕೆಯನ್ನು ಕರೆದು, ಇದನ್ನಿಷ್ಟು ಎತ್ತಿಬಿಡು ಎಂದವರು ನಾವೇ. ಆಕೆ ಏನೊಂದೂ ಅನ್ನದೆ ಸೆರಗು ಕೊಡವಿ ಎದ್ದಳು.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಕೇಳಿಸಿತು: "ಏ ತಮ್ಮಾ, ಆಕೀನ್ನ ಯಾಕ ಎಬ್ಬಸ್ತೀರಿ? ಆಕೀ ಗಾಯನಾ ಕೇಳಾಕತ್ತಾಳ. ಎಲಿ ನಾವ ಎತ್ತೂಣು." ಹುಬ್ಬಳ್ಳಿಯ ಕಡೆಯ, ಎಪ್ಪತ್ತು ದಾಟಿದ, ನಿವೃತ್ತ ಶಾಲಾ ಶಿಕ್ಷಕಿ ಅವರು. ಮಾತು ಮುಗಿಯುವ ಮೊದಲೇ ಸೆರಗು ಸಿಕ್ಕಿಸಿ ಬಗ್ಗಿ, ಮೊದಲನೆಯ ಎಲೆಯನ್ನು ಮಡಿಚಿಯೂ ಬಿಟ್ಟರು. ಇನ್ನು ನಾವು ನಿಂತು ನೋಡುವುದು ಹೇಗೆ? ಎತ್ತುತ್ತ ಎತ್ತುತ್ತ ಆ ಅಕ್ಕನವರು ಗಂಗೂಬಾಯಿ ಹಾನಗಲ್ ಅವರ ಬಾಲ್ಯದ ಒಂದು ಸಂಗತಿಯನ್ನು ಹೇಳಿದರು. ನಾವು ಓದಿದ್ದು ಬಿ.ಎಸ್‌ಸಿ. ಒಂದು ತಂತಿಯನ್ನು ಮಿಡಿದರೆ ಅದೇ ಶ್ರುತಿಯ ಇನ್ನೊಂದು ತಂತಿ ಯಾರೂ ಮುಟ್ಟದೆಯೇ ಕಂಪಿಸುತ್ತದೆ ಎಂಬುದು ನಮಗೆ ಪಾಠದಲ್ಲಿ ಬಂದಿತ್ತು. ಅದು ಮನುಷ್ಯರ ವಿಷಯದಲ್ಲಿಯೂ ನಿಜವೆಂದು ತಿಳಿದದ್ದು ಆ ದಿನ. ಮುಂದೆ ಬಿಡುವಾದಾಗಲೆಲ್ಲ ಪುಸ್ತಕಗಳನ್ನು ಹುಡುಕಿ ಓದಿದೆವು. ಹಾಗೆ ದೊರೆತ ಇತಿಹಾಸವಿದು.

ಬೆಳಗಾವಿಯಲ್ಲಿ 1924ರ ಡಿಸೆಂಬರ್ ಕೊನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅದನ್ನು ಬೆಳಗಾವಿಯಲ್ಲಿ ನೆರವೇರಿಸಿದ ಕೀರ್ತಿ ಗಂಗಾಧರರಾವ್ ದೇಶಪಾಂಡೆಯವರದು. ಜನರಿಗೆ ನೀರು ಸಾಲದೆಂದು ತೋಡಿಸಿದ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ. ರಾಜಕೀಯದ ಜೊತೆಗೆ ಸಂಗೀತವೂ ಅಲ್ಲಿ ಮೆರೆಯಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಕನ್ನಡಿಗರ ಮನದಲ್ಲಿ ನೆಲೆಯೂರಿದ್ದು ಆ ಚಪ್ಪರದಿಂದಲೇ. ಮೈಸೂರಿನ ವೀಣೆ ಶೇಷಣ್ಣನವರ ವಾದನವೂ ಅಲ್ಲಿ ನಡೆಯಿತು.

ಇಷ್ಟು ದೊಡ್ಡ ಸಮಾರಂಭವನ್ನು ಹೊತ್ತವರು ಸ್ವಯಂಸೇವಕರು. ಅಮೆರಿಕೆಯಲ್ಲಿ ವ್ಯಾಸಂಗ ಮಾಡಿ ಬಂದ ಡಾ. ನಾ. ಸು. ಹರ್ಡೀಕರರು ಅದಕ್ಕೂ ಒಂದು ವರ್ಷ ಮೊದಲು, 1923ರಲ್ಲಿ, ಹಿಂದೂಸ್ತಾನೀ ಸೇವಾದಳವನ್ನು ಸ್ಥಾಪಿಸಿದ್ದರು. ಹುಬ್ಬಳ್ಳಿಯೇ ಅದರ ಕೇಂದ್ರ. ಮಹಿಳೆಯರ ದಳವನ್ನು ಕಟ್ಟಿದವರು ಉಮಾಬಾಯಿ ಕುಂದಾಪುರ ಅವರು. ಇವರ ಕಥೆ ನಮ್ಮ ಮುಂಬಯಿಗೂ ಸೇರಿದ್ದು. ಮುಂಬಯಿಯಲ್ಲಿ ಬೆಳೆದು, ಮಾವ ಆನಂದರಾಯರ ಪ್ರೋತ್ಸಾಹದಿಂದ ಇಲ್ಲಿಯೇ ಓದನ್ನು ಮುಂದುವರಿಸಿದವರು. 1923ರಲ್ಲಿ ಪತಿ ಸಂಜೀವರಾಯರು ತೀರಿಕೊಂಡ ಮೇಲೆ ಮಾವನವರೊಡನೆ ಹುಬ್ಬಳ್ಳಿಗೆ ಬಂದರು. ವೈಧವ್ಯವೆಂದರೆ ಮೂಲೆ ಹಿಡಿದು ಕೂಡುವುದು ಎಂದಿದ್ದ ಆ ಕಾಲದಲ್ಲಿ, ಮರುವರ್ಷವೇ ಊರೂರು ತಿರುಗಿ 150ಕ್ಕೂ ಹೆಚ್ಚು ಮಹಿಳೆಯರನ್ನು ಬೆಳಗಾವಿಯ ಸೇವೆಗೆ ಹೊರಡಿಸಿದರು. ಹೊಸಿಲು ದಾಟದ ಹೆಂಗಸರು ಬೀದಿಗೆ ಬಂದು ಸಾವಿರಾರು ಜನರ ವ್ಯವಸ್ಥೆ ನೋಡಿಕೊಂಡದ್ದು ಸಾಮಾನ್ಯವೇ?

ಶುಚಿತ್ವದ ಹೊಣೆ ಕಾಕಾಸಾಹೇಬ್ ಕಾಲೇಲ್ಕರ್ ಅವರದಾಗಿತ್ತು. ಅವರ ತಂಡದಲ್ಲಿ ಮೇಲು ಜಾತಿಯ ಸುಶಿಕ್ಷಿತ ತರುಣರು ಬಹಳ ಮಂದಿ ಇದ್ದರು. ತಲೆತಲಾಂತರದಿಂದ ಪರರ ಪಾಲಿಗೆ ಬಿಟ್ಟಿದ್ದ ಕಸ, ಕಕ್ಕಸುಗಳ ಕೆಲಸವನ್ನು ಅವರು ತಾವಾಗಿ ಕೈಗೆತ್ತಿಕೊಂಡರು.

ಅದೇ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಲು ಬಂದ ಬಾಲಕಿಯರ ನಡುವೆ ಧಾರವಾಡದ ಹನ್ನೊಂದು ವರ್ಷದ ಒಬ್ಬ ಹುಡುಗಿ ಇದ್ದಳು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತವರು. ಆದರೆ ಹಾಡುವ ಹೆಂಗಸರ ಮನೆತನವೆಂದು, ಕೀಳು ಕುಲವೆಂದು ನೆರೆಹೊರೆಯವರು ದೂರವಿಡುತ್ತಿದ್ದರು. ಈ ಹುಡುಗಿಯೇ ಮುಂದೆ ಗಂಗೂಬಾಯಿ ಹಾನಗಲ್ ಎಂದು ಜಗತ್ತೇ ಅರಿಯುವಂತಾದವರು. ಗಾಂಧೀಜಿಯವರ ಎದುರು ಹಾಡಿದ ಆ ದಿನದ ಬಗ್ಗೆ ಮುಪ್ಪಿನಲ್ಲಿ ಕೇಳಿದರೆ ಅವರಿಗೆ ಮೊದಲು ನೆನಪಾಗುತ್ತಿದ್ದುದು ಹಾಡಲ್ಲ. ಎಲ್ಲರೂ ಉಂಡ ಮೇಲೆ ತನ್ನನ್ನು ಎಂಜಲು ಎತ್ತಲು ಹೇಳುವರೋ ಏನೋ ಎಂಬ ಹೆದರಿಕೆ! ಹಾಡಿದ ಸಂತೋಷವನ್ನು ಆ ಹೆದರಿಕೆ ನುಂಗಿಬಿಟ್ಟಿತ್ತು.

ಒಂದೇ ಬಯಲು, ಒಂದೇ ವಾರ. ಒಂದು ಕಡೆ ಪೊರಕೆಯನ್ನು ತಾವಾಗಿ ಹಿಡಿದ ತರುಣರು. ಇನ್ನೊಂದು ಕಡೆ ತನ್ನ ಕೈಗೆ ಅದನ್ನು ಕೊಡುವರೇನೋ ಎಂದು ನಡುಗಿದ ಬಾಲಕಿ. ಎರಡೂ ಎಂಜಲೇ, ಎರಡೂ ಕಸವೇ. ತರುಣರಿಗೆ ಅದು ಸೇವೆ, ಏಕೆಂದರೆ ಅಧಿವೇಶನ ಮುಗಿದೊಡನೆ ಅವರು ಪೊರಕೆಯನ್ನು ಕೆಳಗಿಡಬಹುದಿತ್ತು. ಬಾಲಕಿಗೆ ಆ ಆಯ್ಕೆ ಇರಲಿಲ್ಲ. ಸೇವೆಗೂ ಬಿಟ್ಟಿಚಾಕರಿಗೂ ಇರುವ ಅಂತರ ಇದೇ ಎಂದು ನಮಗೆ ತೋರುತ್ತದೆ. ಹಾಗೆಂದು ಆ ತರುಣರ ಕೆಲಸ ವ್ಯರ್ಥವೆನ್ನಲಾಗದು. ಎಂಜಲು ಎತ್ತುವುದು ಒಂದು ಕುಲದ ಹಣೆಬರಹವಲ್ಲ ಎಂಬುದನ್ನು ಭಾಷಣದಲ್ಲಿ ಹೇಳುವುದು ಸುಲಭ, ಕೈಯಾರೆ ಎತ್ತಿ ತೋರಿಸುವುದು ಕಷ್ಟ.

ಗಂಗೂಬಾಯಿಯವರ ಮುಂದಿನ ದಾರಿಯೂ ಹೂವಿನ ಹಾಸಿಗೆಯಾಗಿರಲಿಲ್ಲ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ದಾರಿಯಲ್ಲಿ ಜನ ಆಡಿಕೊಂಡು ನಗುತ್ತಿದ್ದರು, ಅವರು ತಲೆ ತಗ್ಗಿಸಿ ನಡೆಯುತ್ತಿದ್ದರು. ಅದೇ ಗುರುವಿನ ಮನೆಯಲ್ಲಿ ಗದುಗಿನಿಂದ ಬಂದ ಭೀಮಸೇನ ಜೋಶಿ ಎಂಬ ಹುಡುಗ ಕೊಡಗಳಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿ, ಅದರ ನಡುವೆಯೇ ಸ್ವರ ಸಾಧಿಸುತ್ತಿದ್ದ. ಗುರುಗಳು 1952ರಲ್ಲಿ ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಅವರ ಪುಣ್ಯತಿಥಿಯ ಸಂಗೀತೋತ್ಸವ ಆರಂಭವಾಯಿತು. ನೀರು ಹೊತ್ತ ಆ ಭೀಮಸೇನರೇ ಮುಂದೆ ನಿಂತು ಅದನ್ನು ದಶಕಗಳ ಕಾಲ ನಡೆಸಿದರು. ಗುರುಬಂಧುಗಳಾದ ಗಂಗೂಬಾಯಿಯವರೂ, ಮುಂಬಯಿಯ ಫಿರೋಜ್ ದಸ್ತೂರರೂ ಅಲ್ಲಿ ವರ್ಷ ವರ್ಷವೂ ಹಾಡಿದರು. ಕುಂದಗೋಳದ ನಾಡಿಗೇರರ ವಾಡೆಯಲ್ಲಿಯೂ ಗುರುಸ್ಮರಣೆಯ ಗಾಯನ ನಡೆದುಬಂದಿದೆ. ಎಂಜಲಿನ ಹೆದರಿಕೆಯಿಂದ ನಡುಗಿದ್ದ ಬಾಲಕಿಗೆ 1971ರಲ್ಲಿ ಪದ್ಮಭೂಷಣವೂ 2002ರಲ್ಲಿ ಪದ್ಮವಿಭೂಷಣವೂ ಬಂದವು. 2009ರಲ್ಲಿ, 96ನೆಯ ವಯಸ್ಸಿನಲ್ಲಿ, ಹುಬ್ಬಳ್ಳಿಯಲ್ಲಿ ಅವರು ನಮ್ಮನ್ನಗಲಿದರು.

ಉಮಾಬಾಯಿಯವರ ವಿಷಯ ಬೇರೆ. ಸ್ವಾತಂತ್ರ್ಯ ಬಂದ ಮೇಲೆ ಅವರು ಅಧಿಕಾರವನ್ನಾಗಲಿ ಬಿರುದನ್ನಾಗಲಿ ಬಯಸಲಿಲ್ಲ. ಕೊಡಬಂದ ತಾಮ್ರಪತ್ರವನ್ನೂ ಸ್ವೀಕರಿಸದೆ ಹುಬ್ಬಳ್ಳಿಯ ಒಂದು ಪುಟ್ಟ ಮನೆಯಲ್ಲಿ ಬಾಳಿ 1992ರಲ್ಲಿ ತೀರಿಕೊಂಡರು. ಅವರು ಹೊರಡಿಸಿದ ಆ ನೂರೈವತ್ತು ಮಹಿಳೆಯರಲ್ಲಿ ನಮಗೆ ಹೆಸರು ತಿಳಿದವರು ಎಷ್ಟು ಮಂದಿ? ಹಾಡಿದವರ ಹೆಸರು ಉಳಿಯುವುದು ನ್ಯಾಯವೇ. ಜಮಖಾನ ಹಾಸಿದವರ ಹೆಸರು ಉಳಿಯದಿದ್ದರೆ ಅವರಿಗೆ ಬೇಸರವೂ ಇರಲಾರದು. ಆದರೆ ಇತಿಹಾಸ ಬರೆಯುವಾಗ ಅವರಿಗೂ ಒಂದು ಸಾಲು ಸಲ್ಲಬೇಕು.

ಬೆಳಗಾವಿಯ ಅಧಿವೇಶನಕ್ಕೆ 2024ರ ಡಿಸೆಂಬರಿನಲ್ಲಿ ನೂರು ವರ್ಷ ತುಂಬಿತು. ಆ ವಾರ ನಮಗೆ ಪದೇ ಪದೇ ನೆನಪಾದದ್ದು ವಾಶಿಯ ಆ ಮಧ್ಯಾಹ್ನ. ಎಲೆಗಳನ್ನೆಲ್ಲ ಎತ್ತಿ, ನೆಲ ಒರೆಸಿ, ನಲ್ಲಿಯ ಬಳಿ ಕೈ ತೊಳೆಯುವ ಹೊತ್ತಿಗೆ ಒಳಗೆ ಭೀಮಪಲಾಸಿಯ ವಿಲಂಬಿತ ಅರ್ಧ ಮುಗಿದಿತ್ತು. ಉಳಿದರ್ಧವನ್ನು ಒದ್ದೆ ಕೈಯಲ್ಲಿ ಬಾಗಿಲ ಬಳಿಯೇ ನಿಂತು ಕೇಳಿದೆವು. ಗುಡಿಸುವಾಕೆ ಮತ್ತೆ ತನ್ನ ಜಾಗದಲ್ಲಿ, ಚೌಕಟ್ಟಿಗೆ ಒರಗಿ ಕುಳಿತಿದ್ದಳು. ನಾವು ಹತ್ತಿರ ಹೋಗಿ ತಪ್ಪಾಯಿತು ಎಂದೆವು. ಆಕೆ ನಮ್ಮ ಮುಖ ನೋಡದೆ, ಸುಮ್ಮನಿರಿ ಎಂಬಂತೆ ಕೈಸನ್ನೆ ಮಾಡಿದಳು. ಗವಾಯಿಗಳು ಆಗತಾನೆ ತಾರಷಡ್ಜವನ್ನು ಮುಟ್ಟುತ್ತಿದ್ದರು.

ಆ ರಾತ್ರಿ ಕೋಪರಖೈರಣೆಗೆ ಮರಳುವ ಗಾಡಿಯಲ್ಲಿ ನಾವು ನಾಲ್ವರೂ ಹೆಚ್ಚು ಮಾತಾಡಲಿಲ್ಲ. ನಮ್ಮ ಬಾಳಿನಲ್ಲಿ ಕೇಳಿದ ಗಾಯನಗಳು ಅನೇಕ, ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಕೇಳಿದವೂ ಉಂಟು. ಆದರೆ ಬಾಗಿಲ ಬಳಿ ನಿಂತು ಕೇಳಿದ ಆ ಅರ್ಧ ಭೀಮಪಲಾಸಿಯಷ್ಟು ತುಂಬಿಬಂದದ್ದು ಮತ್ತೊಂದಿಲ್ಲ. ಅದನ್ನು ದಯಪಾಲಿಸಿದ ಆ ಹುಬ್ಬಳ್ಳಿಯ ಅಕ್ಕನವರಿಗೂ, ಕೈಸನ್ನೆಯಿಂದಲೇ ನಮ್ಮನ್ನು ಕ್ಷಮಿಸಿದ ಆ ತಾಯಿಗೂ ನಾವು ಋಣಿಗಳು. ಮುಂದಿನ ಕಾರ್ಯಕ್ರಮದಲ್ಲಿ ಬಿಲ್ಲೆ ಚುಚ್ಚಿಕೊಳ್ಳಲು ತರುಣ ಸದಸ್ಯರು ಮುಂದೆ ಬಂದರೆ ಅವರಿಗೆ ಜಮಖಾನ ಹಾಸುವುದನ್ನು ಸಂತೋಷದಿಂದ ಕಲಿಸುತ್ತೇವೆ. ಎಲೆ ಎತ್ತುವುದಕ್ಕೆ ಮಾತ್ರ ನಾವೇ ಮೊದಲು ಬಗ್ಗುತ್ತೇವೆ.